ನೇಪಾಳಿ ಹೋಟೆಲಿನಲ್ಲಿ ಸಸ್ಯಾಹಾರ: ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಮುನ್ನ ಓದಿ



ಈ ವಾರ ಆ್ಯಂಜಿಯೋಗ್ರಾಂ, ಕೊಲೆಸ್ಟ್ರಾಲ್ ಪಾಠ ಬೇಡ. ಊಟದ ಮಾತು ಆಡೋಣ. ಒಪಿಡಿಯಲ್ಲಿ ಕನ್ನಡ ಕುಟುಂಬಗಳು ಇತ್ತೀಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಡಾಕ್ಟ್ರೇ, ಮಕ್ಕಳು ಭಾನುವಾರ ನೇಪಾಳಿ ಹೋಟೆಲಿಗೆ ಹೋಗೋಣ ಅಂತಾರೆ. ಅಪ್ಪನಿಗೆ ಸ್ಟೆಂಟ್ ಹಾಕಿದೆ. ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಅಲ್ಲಿ ನಮಗೆ ತಿನ್ನೋಕೆ ಏನಾದ್ರೂ ಸಿಗುತ್ತಾ? ತಿಂದ್ರೆ ತೊಂದ್ರೆ ಆಗುತ್ತಾ?"

ಸಿಗುತ್ತದೆ. ತಿನ್ನಲೂಬಹುದು. ಆದರೆ ಏನನ್ನು ಕೇಳಬೇಕು, ಯಾವುದನ್ನು ಬಿಡಬೇಕು, ಯಾರು ಯಾವ ಮಾತ್ರೆ ನುಂಗುತ್ತಿದ್ದರೆ ಯಾವ ಪದಾರ್ಥದ ಬಗ್ಗೆ ಎಚ್ಚರ ಬೇಕು ಎಂಬುದು ಗೊತ್ತಿರಬೇಕು. ಗಚ್ಚಿಬೌಲಿ, ಕೊಂಡಾಪುರ, ಮಾಧಾಪುರದ ಕಡೆ ಇರುವವರಿಗೆ ಮೋಮೋ ಗಾಡಿಗಳು ಹೊಸದಲ್ಲ. ಆದರೆ ಬಟ್ಟಲುಗಳನ್ನಿಟ್ಟು ಬಡಿಸುವ ನೇಪಾಳಿ ಥಾಲಿಯ ಮುಂದೆ ಕುಳಿತಾಗ ನಮ್ಮ ಹಿರಿಯರು ಗೊಂದಲಪಡುತ್ತಾರೆ. ಅಂಥ ಊಟವನ್ನು ನಾನೂ ಉಂಡಿದ್ದೇನೆ, ಇಷ್ಟಪಟ್ಟಿದ್ದೇನೆ. ಹೃದ್ರೋಗ ವೈದ್ಯನಾಗಿ ಗಮನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

*1. ಇದು ಅಪರಿಚಿತ ಊಟವಲ್ಲ*

ನೇಪಾಳ ಎಂದರೆ ಮೋಮೋ ಎಂದುಕೊಂಡವರೇ ಹೆಚ್ಚು. ನೇಪಾಳದ ಬಹಳಷ್ಟು ಮನೆಗಳ ನಿತ್ಯದ ಊಟ ದಾಲ್-ಭಾತ್-ತರ್ಕಾರಿ. ಅಂದರೆ ಬೇಳೆ, ಅನ್ನ, ಪಲ್ಯ. ಜೊತೆಗೆ ಸೊಪ್ಪು, ಒಂದು ಅಚಾರ್. ನಮ್ಮ ಊಟದ ಎಲೆಗೂ ಇದಕ್ಕೂ ದೂರವೇನಿಲ್ಲ. ಕಾಠ್ಮಂಡುವಿನ ಪಶುಪತಿನಾಥನ ಪೂಜೆಗೆ ಕರ್ನಾಟಕ ಮೂಲದ ಭಟ್ಟರು ಬಹುಕಾಲದಿಂದ ಹೋಗುತ್ತಿದ್ದಾರೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅಡುಗೆಯಲ್ಲೂ ನೆಂಟಸ್ತಿಕೆ ಇದೆ. ನೋಡಿ:

• *ಢಿಂಡೊ:* ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಿಂದ ತಿರುವಿ ಮಾಡುವ ಮುದ್ದೆ. ರಾಗಿ, ಮೆಕ್ಕೆಜೋಳ ಅಥವಾ ಫಾಪರ್ (ಉತ್ತರದವರು ಉಪವಾಸಕ್ಕೆ ಬಳಸುವ ಕುಟ್ಟು) ಹಿಟ್ಟಿನದು. ಮಂಡ್ಯ, ಹಾಸನದವರಿಗೆ ಪರಿಚಯ ಮಾಡಿಕೊಡಬೇಕಿಲ್ಲ.
• *ಚಿಉರಾ:* ನಮ್ಮ ಅವಲಕ್ಕಿ.
• *ಆಲು-ತಾಮಾ:* ಹುಳಿ ಬರಿಸಿದ ಎಳೆ ಬಿದಿರು, ಆಲೂಗಡ್ಡೆ, ಅಲಸಂದೆ ಕಾಳಿನ ಸಾರು. ಮಲೆನಾಡಿನವರು ಕಳಲೆ ಎಂದು ಗುರುತು ಹಿಡಿಯುತ್ತಾರೆ.
• *ಬಾರಾ:* ಉದ್ದಿನಬೇಳೆ ರುಬ್ಬಿ ಕಾವಲಿಯ ಮೇಲೆ ಬೇಯಿಸುವ ದಪ್ಪ ದೋಸೆಯಂಥದ್ದು. ಕಾಠ್ಮಂಡು ಕಣಿವೆಯ ನೇವಾರರ ತಿಂಡಿ.
• *ಕ್ವಾಟಿ:* ಒಂಬತ್ತು ಬಗೆಯ ಕಾಳು ಮೊಳಕೆ ಬರಿಸಿ ಮಾಡುವ ಸಾರು. ನಮ್ಮ ನೂಲುಹುಣ್ಣಿಮೆಯ ದಿನವೇ ಅವರ ಮನೆಗಳಲ್ಲಿ ಇದು ವಿಶೇಷ.
• *ಗುಂದ್ರುಕ್:* ಸಾಸಿವೆ, ಮೂಲಂಗಿ, ಹೂಕೋಸಿನ ಎಲೆಗಳನ್ನು ಬಾಡಿಸಿ, ಒತ್ತಿ ತುಂಬಿ, ಹುಳಿ ಬರಿಸಿ ಒಣಗಿಸಿದ ಸೊಪ್ಪು. ಇದರ ಸಾರು ಹುಳಿಹುಳಿಯಾಗಿ ರುಚಿ.
• *ಟಿಮ್ಮೂರ್:* ಕರಾವಳಿಯ ಕೊಂಕಣಿ ಅಡುಗೆಯ ತೆಪ್ಪಳದ ಹತ್ತಿರದ ಬಂಧು. ತಿಂದ ಕೂಡಲೇ ತುಟಿ, ನಾಲಿಗೆ ಜುಮ್ಮೆನ್ನುತ್ತದೆ.

ಟಿಮ್ಮೂರ್ ತಿಂದು ಗಾಬರಿಯಾಗುವ ಹಿರಿಯರಿದ್ದಾರೆ. ಎರಡೂ ತುಟಿ, ನಾಲಿಗೆ ಜುಮ್ಮೆಂದು ಸ್ವಲ್ಪ ಹೊತ್ತಿನಲ್ಲಿ ಸರಿಹೋದರೆ ಅದು ಆ ಕಾಳಿನ ಗುಣ, ಭಯ ಬೇಡ. ಆದರೆ ಮುಖದ *ಒಂದೇ ಪಕ್ಕ* ಜೋತುಬಿದ್ದರೆ, ಒಂದು ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ ಅದು ಮಸಾಲೆಯ ಕೆಲಸವಲ್ಲ, ಪಾರ್ಶ್ವವಾಯು. ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.

*2. ಮೆನು ಓದುವಾಗ ಎಡವುವ ಪದಗಳು*

ಹೈದರಾಬಾದಿನಲ್ಲಿದ್ದು ನಮಗೆಲ್ಲ ಹಿಂದಿ, ದಖನಿ ಕಿವಿಗೆ ಬಿದ್ದಿರುತ್ತದೆ. ಆ ಧೈರ್ಯದಲ್ಲೇ ನೇಪಾಳಿ ಪದಗಳಿಗೆ ತಪ್ಪು ಅರ್ಥ ಮಾಡಿಕೊಳ್ಳುತ್ತೇವೆ.

• *ಮಾಸ್* ಎಂದರೆ ಉದ್ದು. *ಮಾಸು* ಎಂದರೆ ಮಾಂಸ. "ಮಾಸ್ ಕೋ ದಾಲ್" ಸಸ್ಯಾಹಾರ. ಕೊನೆಯ ಒಂದು ಸ್ವರ ಬದಲಾದರೆ ಎಲ್ಲವೂ ಬದಲು.
• *ಫುಲ್* ಎಂದರೆ ಮೊಟ್ಟೆ. ಹೂವೂ ಅಲ್ಲ, ಫುಲ್ ಪ್ಲೇಟೂ ಅಲ್ಲ.
• *ಬಫ್* ಎಂದರೆ ಎಮ್ಮೆ-ಕೋಣದ ಮಾಂಸ. *ಕುಖುರಾ* ಕೋಳಿ. *ಖಸಿ* ಆಡು. *ಮಾಛಾ* ಮೀನು.
• *ಮೀಠೋ* ಎಂದರೆ ರುಚಿಯಾಗಿದೆ ಎಂದರ್ಥ, ಸಿಹಿ ಎಂದಲ್ಲ. ಸಿಹಿಗೆ *ಗುಲಿಯೊ* ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರು ಇದನ್ನು ನೆನಪಿಡಿ.
• *ಕೋದೊ* ಎಂದರೆ ನೇಪಾಳಿಯಲ್ಲಿ ರಾಗಿ. ನಮ್ಮ ಸಿರಿಧಾನ್ಯದ ಅಂಗಡಿಯಲ್ಲಿ ಕೋದೋ ಎಂದು ಮಾರುವುದು ಹಾರಕ. ಎರಡೂ ಬೇರೆ ಧಾನ್ಯ.
• *ನುನ್* ಉಪ್ಪು. *ಪಿರೊ* ಖಾರ. *ಪುಗ್ಯೊ* ಎಂದರೆ "ಸಾಕು". ಈ ಕೊನೆಯ ಪದ ನನ್ನ ಪ್ರಕಾರ ಹೃದಯಕ್ಕೆ ಅತ್ಯಂತ ಉಪಯುಕ್ತವಾದದ್ದು. ಯಾಕೆಂದು ಮುಂದೆ ಹೇಳುತ್ತೇನೆ.

ಅಪ್ಪಟ ಸಸ್ಯಾಹಾರಿಗಳು ಆರ್ಡರ್ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಸಂಕೋಚ ಬೇಡ, ಅವರು ಬೇಸರ ಮಾಡಿಕೊಳ್ಳುವುದಿಲ್ಲ.

(ಅ) ವೆಜ್ ಥುಕ್ಪಾ, ಝೋಲ್ ಮೋಮೋಗಳ ಸಾರಿಗೆ ಮೂಳೆ ಬೇಯಿಸಿದ ನೀರು ಬಳಸಿದ್ದೀರಾ? ತರಕಾರಿ ಕಾಣಿಸಿದ ಮಾತ್ರಕ್ಕೆ ಸಾರು ಸಸ್ಯಾಹಾರವಲ್ಲ.
(ಆ) ನೂಡಲ್ಸ್‌ನಲ್ಲಿ ಮೊಟ್ಟೆ ಇದೆಯೇ? ಚೌಮೀನಿಗೆ ಆಯ್‌ಸ್ಟರ್ ಸಾಸ್ ಹಾಕುತ್ತೀರಾ? ಅದು ಸಿಂಪಿಯಿಂದ ಮಾಡಿದ್ದು.
(ಇ) ವೆಜ್ ಮೋಮೋಗೆ ಬೇರೆ ಸ್ಟೀಮರ್ ಇದೆಯೇ? ಮೇಲಿನ ತಟ್ಟೆಯಲ್ಲಿ ಮಾಂಸದ ಮೋಮೋ ಇದ್ದರೆ ಅದರ ರಸ ಕೆಳಗಿನ ತಟ್ಟೆಗೆ ತೊಟ್ಟಿಕ್ಕುತ್ತದೆ.
(ಈ) ಕರಿದದ್ದಾದರೆ ಎಣ್ಣೆ ಬೇರೆಯೇ?

"ದಾಯಿ" (ಅಣ್ಣಾ) ಅಥವಾ "ದಿದಿ" (ಅಕ್ಕಾ) ಎಂದು ಕರೆದು ಕೇಳಿ ನೋಡಿ, ಒಳಗೆ ಹೋಗಿ ಅಡುಗೆಯವರನ್ನೇ ವಿಚಾರಿಸಿಕೊಂಡು ಬಂದು ಹೇಳುತ್ತಾರೆ.

*3. ಥಾಲಿಯನ್ನು ಹೃದಯದ ಕಣ್ಣಿನಿಂದ ನೋಡಿದಾಗ*

*ಅನ್ನ:* ನೇಪಾಳಿ ಥಾಲಿಯ ನಡುವೆ ಅನ್ನದ ಗುಡ್ಡವೇ ಇರುತ್ತದೆ. ಖಾಲಿಯಾಗುವ ಮೊದಲೇ ಮತ್ತೆ ಬಡಿಸುವುದು ಅವರ ಪದ್ಧತಿ. ಹಿಮಾಲಯದ ಚಾರಣಿಗರ ಟೀ ಶರ್ಟಿನ ಮೇಲೆ "ದಾಲ್ ಭಾತ್ ಪವರ್, 24 ಅವರ್" ಎಂಬ ಘೋಷಣೆ ಇರುತ್ತದೆ. ಅವರು ದಿನಕ್ಕೆ ಆರೇಳು ಗಂಟೆ ಬೆಟ್ಟ ಹತ್ತುತ್ತಾರೆ. ನಾವು ಹನ್ನೆರಡನೇ ಮಹಡಿಗೆ ಲಿಫ್ಟ್ ಹತ್ತುತ್ತೇವೆ. ಒಂದು ಬಟ್ಟಲು ಅನ್ನದಲ್ಲಿ (ಸುಮಾರು 150 ಗ್ರಾಂ) 40 ಗ್ರಾಂನಷ್ಟು ಪಿಷ್ಟ, ಸುಮಾರು 200 ಕ್ಯಾಲೊರಿ ಇದೆ. ಮೂರು ಬಟ್ಟಲಾದರೆ ಸಕ್ಕರೆಯೂ ಟ್ರೈಗ್ಲಿಸರೈಡೂ ಏರುವ ದಾರಿ. ಒಂದೇ ಬಟ್ಟಲು ಹಾಕಿಸಿಕೊಳ್ಳಿ. ಎರಡನೇ ಸಲ ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ನಗುತ್ತಾ "ಪುಗ್ಯೊ" ಎನ್ನಿ.

*ದಾಲ್:* ಥಾಲಿಯ ಅತ್ಯುತ್ತಮ ಭಾಗ. ಪ್ರೋಟೀನ್, ನಾರಿನಂಶ ಎರಡೂ ಇವೆ. ಮರುಬಡಿಕೆ ಬೇಕೆಂದರೆ ಅನ್ನದ ಬದಲು ದಾಲ್, ಪಲ್ಯ ಹಾಕಿಸಿಕೊಳ್ಳಿ. ಒಗ್ಗರಣೆಗೆ ಜಿಂಬು ಎಂಬ ಹಿಮಾಲಯದ ಒಣ ಸೊಪ್ಪು ಹಾಕುತ್ತಾರೆ. ಅದು ಈರುಳ್ಳಿ-ಬೆಳ್ಳುಳ್ಳಿ ಜಾತಿಯದು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮಾಧ್ವರ ಮನೆಯ ಅಜ್ಜಿಯಂದಿರಿಗೆ ಇದನ್ನು ಮೊದಲೇ ಹೇಳಿಬಿಡಿ.

*ತುಪ್ಪ:* ದಾಲ್ ಮೇಲೆ, ಅನ್ನದ ಮೇಲೆ, ಢಿಂಡೊ ಮೇಲೆ ಧಾರಾಳವಾಗಿ ಸುರಿಯುತ್ತಾರೆ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇದೆ. ದಿನಕ್ಕೆ 1,800 ಕ್ಯಾಲೊರಿ ಉಣ್ಣುವವರಿಗೆ ಈ ಕೊಬ್ಬಿನ ಮಿತಿ 20 ಗ್ರಾಂ. ತುಪ್ಪವನ್ನು ಬೇರೆ ಬಟ್ಟಲಲ್ಲಿ ಕೊಡಲು ಹೇಳಿ, ಚಿಕ್ಕ ಚಮಚದಲ್ಲಿ ನೀವೇ ಹಾಕಿಕೊಳ್ಳಿ.

*ಢಿಂಡೊ:* ಒಂದು ಕಾಲದಲ್ಲಿ ಬಡವರ ಊಟ ಎನಿಸಿಕೊಂಡದ್ದು ಈಗ ಹೋಟೆಲಿನಲ್ಲಿ ಬೆಲೆ ಕೊಟ್ಟು ತಿನ್ನುವ ಪದಾರ್ಥ. ನಮ್ಮ ಮುದ್ದೆಯದೂ ಅದೇ ಕಥೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಗಿಂತ ನಾರು ಹೆಚ್ಚು. ಆದರೆ ರಾಗಿ ಎಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ಸರಿಯಲ್ಲ. ನುಣ್ಣನೆಯ ಹಿಟ್ಟಿನ ಮುದ್ದೆಯನ್ನು ಎರಡು ತಿಂದರೆ ಸಕ್ಕರೆ ಏರುತ್ತದೆ. ಅನ್ನ ಅಥವಾ ಢಿಂಡೊ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

*ಮೋಮೋ:* ಹಬೆಯಲ್ಲಿ ಬೆಂದ ವೆಜ್ ಮೋಮೋದಲ್ಲಿ ಎಣ್ಣೆ ಕಡಿಮೆ, ಹೊರಪದರ ಮೈದಾ. ನಾಲ್ಕೈದು ತಿಂದರೆ ಅಡ್ಡಿಯಿಲ್ಲ. ಕರಿದ ಮೋಮೋ, ಕುರ್ಕುರೆ ಮೋಮೋ ಬೇಡ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹಾನಿಕಾರಕ ವಸ್ತುಗಳು ಹೆಚ್ಚುತ್ತಾ ಹೋಗುತ್ತವೆ.

*ಸೇಲ್ ರೋಟಿ:* ಅಕ್ಕಿಹಿಟ್ಟು, ಸಕ್ಕರೆ, ತುಪ್ಪ ಸೇರಿಸಿ ಬಳೆಯಂತೆ ಕರಿದದ್ದು. ದಶೈನ್, ತಿಹಾರ್ ಹಬ್ಬದ ತಿನಿಸು. ನಮ್ಮ ಕಜ್ಜಾಯದ ಹಾಗೆ, ಹಬ್ಬಕ್ಕೆ ಒಂದು. ನಾಲ್ಕು ಜನ ಒಂದನ್ನು ಹಂಚಿಕೊಂಡರೂ ರುಚಿ ಗೊತ್ತಾಗುತ್ತದೆ.

*ಬಿ12 ಬಗ್ಗೆ ಒಂದು ಮಾತು:* ಗುಂದ್ರುಕ್‌ನಂಥ ಹುದುಗಿಸಿದ ಪದಾರ್ಥದಿಂದ ಬಿ12 ಕೊರತೆ ನೀಗುತ್ತದೆ ಎಂಬ ಸಂದೇಶಗಳು ಓಡಾಡುತ್ತಿವೆ. ಅದನ್ನು ನೆಚ್ಚಿಕೊಳ್ಳಬೇಡಿ. ಶುದ್ಧ ಸಸ್ಯಾಹಾರಿಗಳು, ಅದರಲ್ಲೂ ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರು ರಕ್ತ ಪರೀಕ್ಷೆ ಮಾಡಿಸಿಕೊಂಡು, ಬೇಕಿದ್ದರೆ ಮಾತ್ರೆ ತೆಗೆದುಕೊಳ್ಳಿ. ಹಾಲು, ಮೊಸರು ಬಿಡಬೇಡಿ.

*4. ಉಪ್ಪಿನ ಲೆಕ್ಕ*

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ, ಇಡೀ ದಿನಕ್ಕೆ. ನಾಲಿಗೆಗೆ ಒಪ್ಪುವ ಅಡುಗೆಯಲ್ಲಿ ಉಪ್ಪು ಹೆಚ್ಚುಕಡಿಮೆ ಶೇಕಡಾ 1ರ ಆಸುಪಾಸಿನಲ್ಲಿರುತ್ತದೆ. ಹಾಗಾದರೆ 150 ಗ್ರಾಂ ದಾಲ್‌ನಲ್ಲಿ ಒಂದೂವರೆ ಗ್ರಾಂ, 250 ಮಿಲಿಲೀಟರ್ ಸಾರಿನಲ್ಲಿ ಎರಡೂವರೆ ಗ್ರಾಂ. ಪಲ್ಯ, ಅಚಾರ್ ಲೆಕ್ಕ ಹಾಕುವ ಮೊದಲೇ ದಿನದ ಪಾಲು ಮುಗಿಯುತ್ತಾ ಬಂತು. ಚೌಮೀನ್‌ಗೆ ಸುರಿಯುವ ಸೋಯಾ ಸಾಸ್ ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇದೆ. ಅದು 2 ಗ್ರಾಂಗೂ ಮಿಕ್ಕಿದ ಉಪ್ಪಿಗೆ ಸಮ.

ಇಲ್ಲಿ ಒಂದು ಕುತೂಹಲದ ಸಂಗತಿ. ನಮ್ಮ ಉಪ್ಪಿನಕಾಯಿಯ ಹೆಸರಿನಲ್ಲೇ ಉಪ್ಪಿದೆ. ಆದರೆ ಗುಂದ್ರುಕ್ ಅನ್ನು ಸಾಂಪ್ರದಾಯಿಕವಾಗಿ *ಉಪ್ಪು ಹಾಕದೆಯೇ* ಹುಳಿ ಬರಿಸುತ್ತಾರೆ. ಲ್ಯಾಕ್ಟಿಕ್ ಆಮ್ಲ ಹುಟ್ಟಿಸುವ ಬ್ಯಾಕ್ಟೀರಿಯಾಗಳೇ ಆ ಕೆಲಸ ಮಾಡುತ್ತವೆ. ಹಾಗಾಗಿ ಉಪ್ಪು ಬರುವುದು ಸೊಪ್ಪಿನಿಂದಲ್ಲ, ಸಾರು ಮಾಡುವಾಗ ಹಾಕುವ ಚಮಚದಿಂದ. ಅದನ್ನು ಕಡಿಮೆ ಮಾಡಲು ಹೇಳಬಹುದು. "ದಾಯಿ, ನುನ್ ಅಲಿ ಕಮ್" ಎಂದರೆ "ಅಣ್ಣಾ, ಉಪ್ಪು ಸ್ವಲ್ಪ ಕಮ್ಮಿ" ಎಂದು. ಅಚಾರ್‌ನಲ್ಲೂ ಟೊಮೆಟೊ-ಎಳ್ಳಿನ ತಾಜಾ ಅಚಾರ್ ಕೇಳಿ, ಅದು ನಮ್ಮ ಚಟ್ನಿಯಂತೆ. ಬಾಟಲಿಯ ಅಚಾರ್ ಬಿಡಿ.

ಅಜಿನೊಮೊಟೊ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಸೋಡಿಯಂ ಶೇಕಡಾ 12ರಷ್ಟು, ಅಡುಗೆ ಉಪ್ಪಿನಲ್ಲಿ ಶೇಕಡಾ 39ರಷ್ಟು. ಆದ್ದರಿಂದ "ನಮ್ಮಲ್ಲಿ ಅಜಿನೊಮೊಟೊ ಇಲ್ಲ" ಎಂಬ ಫಲಕ ಕಂಡು ನೆಮ್ಮದಿಯಾಗಬೇಡಿ. ಉಪ್ಪು ಎಷ್ಟು ಎಂಬುದೇ ಮುಖ್ಯ.

*5. ನಿಮ್ಮ ಮಾತ್ರೆ, ನಿಮ್ಮ ಊಟ*

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಮನೆಯ ಹಿರಿಯರ ಮಾತ್ರೆಯ ಹಾಳೆ ಪಕ್ಕದಲ್ಲಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

*ಅಸಿಟ್ರಾಂ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರು* (ಸಾಮಾನ್ಯವಾಗಿ ಲೋಹದ ಕವಾಟ ಹಾಕಿಸಿಕೊಂಡವರು): ನೇಪಾಳಿ ಥಾಲಿಯ ಸಾಗ್ ಸಾಮಾನ್ಯವಾಗಿ ಸಾಸಿವೆ ಸೊಪ್ಪು. ಅದರಲ್ಲಿ ವಿಟಮಿನ್ ಕೆ ಬಹಳ ಹೆಚ್ಚು. ಈ ವಿಟಮಿನ್ ಔಷಧದ ಕೆಲಸವನ್ನು ಕುಗ್ಗಿಸುತ್ತದೆ. ಗುಂದ್ರುಕ್ ಕೂಡ ಸೊಪ್ಪಿನ ಲೆಕ್ಕಕ್ಕೇ ಸೇರಬೇಕು. ಹಾಗೆಂದು ಸೊಪ್ಪನ್ನೇ ಬಿಟ್ಟುಬಿಡುವುದು ಪರಿಹಾರವಲ್ಲ.

ಸಿಂಧನೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ನನ್ನಲ್ಲಿಗೆ ಬಂದಿದ್ದರು. ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ಕವಾಟ. ಊರಲ್ಲಿ ಪುಂಡಿಪಲ್ಯ, ಮೆಂತ್ಯ ಸೊಪ್ಪು ದಿನವೂ ಉಣ್ಣುತ್ತಿದ್ದರು, ಮಾತ್ರೆಯ ಪ್ರಮಾಣವೂ ಆ ಊಟಕ್ಕೆ ಹೊಂದಿಕೊಂಡಿತ್ತು. ಮಗಳ ಮನೆಗೆಂದು ಹೈದರಾಬಾದಿಗೆ ಬಂದಾಗ ಯಾವುದೋ ಫಾರ್ವರ್ಡ್ ಸಂದೇಶ ಓದಿ ಸೊಪ್ಪು ಪೂರ್ತಿ ನಿಲ್ಲಿಸಿದರು. ಮಾತ್ರೆ ಮಾತ್ರ ಅಷ್ಟೇ. ಕೆಲವು ವಾರದಲ್ಲಿ ಹಲ್ಲುಜ್ಜುವಾಗ ರಕ್ತ ಬರತೊಡಗಿತು. ಅವರಿಗೆ ಐ.ಎನ್.ಆರ್. 2.5ರಿಂದ 3.5ರ ನಡುವೆ ಇರಬೇಕು, ಪರೀಕ್ಷಿಸಿದಾಗ 5ರ ಹತ್ತಿರ ಇತ್ತು. ಇದರ ಉಲ್ಟಾ ಇನ್ನೂ ಅಪಾಯಕಾರಿ. ಅಭ್ಯಾಸವಿಲ್ಲದವರು ಒಮ್ಮೆಲೇ ದಿನವೂ ಸೊಪ್ಪು ತಿನ್ನತೊಡಗಿದರೆ ಐ.ಎನ್.ಆರ್. ಇಳಿದು ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಸೂತ್ರ ಇಷ್ಟೇ: *ಸೊಪ್ಪು ಬಿಡಬೇಡಿ, ಪ್ರಮಾಣ ಬದಲಿಸಬೇಡಿ.* ಹೋಟೆಲಿನಲ್ಲಿ ಎರಡು ಚಮಚ ಸಾಗ್ ತಿಂದರೆ ಅಂದು ಮನೆಯಲ್ಲಿ ಬೇರೆ ಸೊಪ್ಪು ಬೇಡ. ಊರು ಬದಲಾದಾಗ, ಊಟ ಬದಲಾದಾಗ ಐ.ಎನ್.ಆರ್. ಬೇಗ ಪರೀಕ್ಷಿಸಿಕೊಳ್ಳಿ.

ಇನ್ನೊಂದು ಪದಾರ್ಥ *ಕಿನೇಮಾ.* ಪೂರ್ವ ನೇಪಾಳ, ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ಹುದುಗಿಸಿದ ಸೋಯಾ ಕಾಳು, ಜಪಾನಿನ ನಾಟೋಗೆ ಹತ್ತಿರದ ಸಂಬಂಧಿ. ನಾಟೋ ವಾರ್ಫರಿನ್ ಪರಿಣಾಮವನ್ನು ಬಲವಾಗಿ ಕುಗ್ಗಿಸುತ್ತದೆ ಎಂಬುದು ವೈದ್ಯಕೀಯದಲ್ಲಿ ಗೊತ್ತಿರುವ ವಿಷಯ. ಈ ಮಾತ್ರೆಯವರು ಕಿನೇಮಾ ತಿನ್ನುವುದೇ ಬೇಡ. ಬೇರೆಯವರಿಗೆ ಅದು ಒಳ್ಳೆಯ ಪ್ರೋಟೀನ್.

*ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್ ತೆಗೆದುಕೊಳ್ಳುವ ಸ್ಟೆಂಟ್ ರೋಗಿಗಳು:* ನಿಮಗೆ ಸೊಪ್ಪಿನ ನಿರ್ಬಂಧ ಇಲ್ಲ. ಎಪಿಕ್ಸಾಬಾನ್, ರಿವರಾಕ್ಸಾಬಾನ್, ಡಾಬಿಗಾಟ್ರಾನ್‌ನವರಿಗೂ ಇಲ್ಲ. "ರಕ್ತ ತೆಳುವಾಗುವ ಮಾತ್ರೆ" ಎಂಬ ಒಂದೇ ಹೆಸರಿನಲ್ಲಿ ಎಲ್ಲವನ್ನೂ ಸೇರಿಸಿ ಎಷ್ಟೋ ಮನೆಗಳಲ್ಲಿ ಸೊಪ್ಪು ಬಿಡಿಸಿದ್ದಾರೆ. ಅದು ಅನಗತ್ಯ. ಇವರು ಸಾಗ್ ಧಾರಾಳವಾಗಿ ತಿನ್ನಬಹುದು.

*ಅಟೊರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರು:* ಚಳಿಗಾಲದಲ್ಲಿ *ಭೋಗಟೆ ಸಾಂದೇಕೊ* ಎಂಬ ಮಸಾಲೆ ಕಲಸಿದ ಹಣ್ಣು ಸಿಗಬಹುದು. ಭೋಗಟೆ ಎಂದರೆ ನಮ್ಮ ಚಕ್ಕೋತ, ದೇವನಹಳ್ಳಿಯ ಹೆಸರಾಂತ ಹಣ್ಣು. ಚಕ್ಕೋತ ಮತ್ತು ಅದರ ಸಂತತಿಯಾದ ಗ್ರೇಪ್‌ಫ್ರೂಟ್‌ನಲ್ಲಿರುವ ಕೆಲವು ವಸ್ತುಗಳು ಈ ಮಾತ್ರೆಗಳು ಕರಗುವುದನ್ನು ತಡೆದು ರಕ್ತದಲ್ಲಿ ಅವುಗಳ ಮಟ್ಟ ಏರಿಸಬಲ್ಲವು. ಒಂದೆರಡು ತೊಳೆ ತಿಂದರೆ ಭಯವಿಲ್ಲ. ದಿನವೂ ಲೋಟಗಟ್ಟಲೆ ರಸ ಕುಡಿಯುವುದು ಬೇಡ. ರೋಸುವಾಸ್ಟಾಟಿನ್‌ಗೆ ಈ ತೊಂದರೆ ಇಲ್ಲ.

*ಹಾರ್ಟ್ ಫೇಲ್ಯೂರ್ ಇರುವವರು:* ಥುಕ್ಪಾ, ಝೋಲ್ ಮೋಮೋ, ಗುಂದ್ರುಕ್ ಸಾರು, ಮೂರೂ ಉಪ್ಪು ನೀರು. ಕುಡಿದ ಮರುದಿನ ಕಾಲು ಊದಬಹುದು, ರಾತ್ರಿ ಮಲಗಿದಾಗ ಉಸಿರು ಕಟ್ಟಬಹುದು. ಒಣ ಪದಾರ್ಥ ಆರಿಸಿ. ಮೂರು ದಿನದಲ್ಲಿ ತೂಕ 2 ಕಿಲೋ ಏರಿದರೆ ವೈದ್ಯರಿಗೆ ಫೋನ್ ಮಾಡಿ.

*ಮೂತ್ರಪಿಂಡದ ತೊಂದರೆ ಇರುವವರು, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು:* ಟೊಮೆಟೊ, ಆಲೂಗಡ್ಡೆ, ಸೊಪ್ಪು, ಕಾಳು ಎಲ್ಲದರಲ್ಲೂ ಪೊಟ್ಯಾಸಿಯಂ ಇದೆ. ಪ್ರಮಾಣ ನಿಮ್ಮ ವೈದ್ಯರು ಹೇಳಿದಂತೆ. ಅಂಗಡಿಯ "ಲೋ ಸೋಡಿಯಂ" ಉಪ್ಪನ್ನು ಕೇಳದೆ ಬಳಸಬೇಡಿ, ಅದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ.

*ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು:* ಊಟಕ್ಕೆ ಮುಂಚಿನ ಡೋಸನ್ನು ಮನೆಯಲ್ಲೇ ಮುಗಿಸಿ ಹೊರಡಬೇಡಿ. ಟ್ರಾಫಿಕ್ ಇದೆ, ಭಾನುವಾರದ ಸರದಿ ಇದೆ. ತಟ್ಟೆ ಮುಂದೆ ಬಂದ ಮೇಲೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಹೋಟೆಲಿನ ಬಾಗಿಲಲ್ಲೇ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗುತ್ತದೆ.

*6. ಬಿಳಿ ಸಾಸ್ ಬೇಡ, ಬಿಸಿ ಇರಲಿ*

2024ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಬೀದಿಬದಿಯ ಮೋಮೋ ತಿಂದ ಹಲವರು ಅಸ್ವಸ್ಥರಾಗಿ, ಒಬ್ಬ ಮಹಿಳೆ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅದರ ಬೆನ್ನಿಗೇ ತೆಲಂಗಾಣ ಸರ್ಕಾರ ಅಕ್ಟೋಬರ್ 30ರಿಂದ ಒಂದು ವರ್ಷದ ಮಟ್ಟಿಗೆ ಹಸಿ ಮೊಟ್ಟೆಯಿಂದ ಮಾಡುವ ಮೇಯೊನೀಸನ್ನು ನಿಷೇಧಿಸಿತು. ಇದರಲ್ಲಿ ನಮಗೆ ಎರಡು ಪಾಠ. ಒಂದು, ವೆಜ್ ಮೋಮೋ ಜೊತೆ ಬರುವ ಬಿಳಿ ಸಾಸ್ ಸಸ್ಯಾಹಾರವಾಗಿರಲೇಬೇಕೆಂದಿಲ್ಲ. ಎರಡು, ಬೇಯಿಸದ ಮೊಟ್ಟೆ ಗಂಟೆಗಟ್ಟಲೆ ಹೊರಗಿದ್ದರೆ ರೋಗಾಣುಗಳ ತೊಟ್ಟಿಲು.

ಹೃದ್ರೋಗಿಗಳಿಗೆ ವಾಂತಿ-ಭೇದಿ ಸಣ್ಣ ವಿಷಯವಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ, ಬಿಪಿಯ ಕೆಲವು ಮಾತ್ರೆ, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ಮೈಯ ನೀರು ಇಳಿದಾಗ ಬಿಪಿ ಕುಸಿದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಅಂಥ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಮುಂದುವರಿಯಬೇಕು ಎಂದು ಅಂದೇ ವೈದ್ಯರನ್ನು ಕೇಳಿ. ಸ್ಟೆಂಟಿನ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ನಿಮ್ಮ ಕಣ್ಣ ಮುಂದೆ ಹಬೆಯಿಂದ ತೆಗೆದ ಮೋಮೋ, ಕುದಿಯುತ್ತಿರುವ ದಾಲ್, ಆಗ ಮಾಡಿದ ಢಿಂಡೊ ತಿನ್ನಿ. ಹೆಚ್ಚಿಟ್ಟ ಸಲಾಡ್, ತಣ್ಣಗಾದ ಚಟ್ನಿ ಬಿಡಿ.

*7. ಊಟವಾದ ಮೇಲೆ*

ಹೊಟ್ಟೆ ತುಂಬ ಉಂಡಾಗ ಜೀರ್ಣಾಂಗಗಳಿಗೆ ಹೆಚ್ಚು ರಕ್ತ ಬೇಕು, ಹೃದಯಕ್ಕೆ ಕೆಲಸ ಹೆಚ್ಚು. ರಕ್ತನಾಳ ಕಟ್ಟಿಕೊಂಡವರಿಗೆ ಉಂಡ ಕೂಡಲೇ ಪಾರ್ಕಿಂಗ್‌ವರೆಗೆ ಬಿರಬಿರನೆ ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ. ಉಂಡ ಮೇಲೆ ಹತ್ತು-ಹದಿನೈದು ನಿಮಿಷ ಕುಳಿತು ಮಾತಾಡಿ. ಆಮೇಲೆ ನಿಧಾನವಾಗಿ ನಡೆಯಿರಿ.

ಎದೆಯಲ್ಲಿ ಭಾರ, ಬಿಗಿತ, ಉರಿ, ಗದ್ದಕ್ಕೋ ಎಡಗೈಗೋ ಹರಿಯುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಏದುಸಿರು ಕಂಡರೆ "ಹೊಸ ಊಟ, ಗ್ಯಾಸ್ ಆಗಿರಬೇಕು" ಎಂದು ಸೋಡಾ ಕುಡಿದು ಕಾಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಬರಬಹುದು. 108ಕ್ಕೆ ಕರೆ ಮಾಡಿ. ಈ ಸೇವೆ ಶುರುವಾದದ್ದೇ ನಮ್ಮ ಹೈದರಾಬಾದಿನಲ್ಲಿ, 2005ರಲ್ಲಿ. ರೋಗಿಯಿಂದ ಗಾಡಿ ಓಡಿಸಬೇಡಿ. ಅದು ಗ್ಯಾಸೋ ಹೃದಯವೋ ಎಂಬುದನ್ನು ಇಸಿಜಿ, ರಕ್ತ ಪರೀಕ್ಷೆ ನೋಡಿ ವೈದ್ಯರು ಹೇಳಲಿ.

*8. ಕೊನೆಯದಾಗಿ, ಊಟಕ್ಕಿಂತ ದೊಡ್ಡ ಮಾತು*

ಊರಿಂದ ಮಕ್ಕಳ ಮನೆಗೆ ಬಂದ ಎಷ್ಟೋ ಅಪ್ಪ-ಅಮ್ಮ, ಅತ್ತೆ-ಮಾವ "ನೀವು ಹೋಗಿ ಬನ್ನಿ, ನಮಗೆ ಮೊಸರನ್ನ ಸಾಕು" ಎಂದು ಫ್ಲಾಟಿನಲ್ಲೇ ಉಳಿಯುತ್ತಾರೆ. ಭಾಷೆ ಬಾರದ ಊರು, ಕೆಳಗಿಳಿದರೆ ಗೊತ್ತಿರುವ ಮುಖವಿಲ್ಲ. ಕಾಯಿಲೆಯ ಭಯ, ಮಡಿಯ ಸಂಕೋಚ, ಮಕ್ಕಳಿಗೆ ಹೊರೆಯಾಗಬಾರದೆಂಬ ಅಂಜಿಕೆ, ಮೂರೂ ಸೇರಿ ಅವರನ್ನು ಒಂಟಿ ಮಾಡುತ್ತವೆ. ಒಂಟಿತನ ಹೃದಯಕ್ಕೆ ಒಳ್ಳೆಯದಲ್ಲ. ಇದು ಕವಿಮಾತಲ್ಲ. ಒಂಟಿಯಾಗಿ ಬದುಕುವವರಲ್ಲಿ ಹೃದ್ರೋಗ ಹೆಚ್ಚು ಕಾಣುತ್ತದೆ ಎಂದು ವೈದ್ಯಕೀಯ ಅಧ್ಯಯನಗಳೂ ಹೇಳುತ್ತವೆ. ಸ್ಟೆಂಟ್ ಹಾಕಿಸಿದ್ದು ಮನೆಯೊಳಗೆ ಕೂರಿಸಲಿಕ್ಕಲ್ಲ, ಎಲ್ಲರ ಜೊತೆ ಬದುಕಲಿಕ್ಕೆ.

ಆದ್ದರಿಂದ ಅವರನ್ನು ಕರೆದುಕೊಂಡೇ ಹೋಗಿ. ಕಾಲು ತಟ್ಟೆ ಅನ್ನ ಅಥವಾ ಒಂದು ಸಣ್ಣ ಢಿಂಡೊ, ಕಾಲು ತಟ್ಟೆ ದಾಲ್, ಅರ್ಧ ತಟ್ಟೆ ಸೊಪ್ಪು-ತರಕಾರಿ, ತಾಜಾ ಅಚಾರ್ ಒಂದು ಚಮಚ. ಇಷ್ಟು ಸಾಕು. (ಅಸಿಟ್ರಾಂ, ವಾರ್ಫರಿನ್‌ನವರಿಗೆ ಸೊಪ್ಪು ಎರಡೇ ಚಮಚ, ಉಳಿದದ್ದು ಬೇರೆ ತರಕಾರಿ.)

ಬಡಿಸುವ ಹುಡುಗನನ್ನು ಊರು ಯಾವುದೆಂದು ಕೇಳಲು ಅಮ್ಮನಿಗೆ ಹೇಳಿ. ಅವನೂ ಊರು ಬಿಟ್ಟು ಬಂದವನೇ. ಅವನ ತಾಯಿಯೂ ದೂರದಲ್ಲಿ ಮಗ ಉಂಡನೋ ಇಲ್ಲವೋ ಎಂದು ಕಾಯುತ್ತಿರುತ್ತಾಳೆ. ಇಬ್ಬರಿಗೂ ಅರ್ಧಂಬರ್ಧ ಹಿಂದಿ ಸಾಕು, ಮಾತು ಸಾಗುತ್ತದೆ.

_ಸೂಚನೆ: ಇದು ಸಾಮಾನ್ಯ ಮಾಹಿತಿ. ನಿಮ್ಮ ಕಾಯಿಲೆ, ನಿಮ್ಮ ಮಾತ್ರೆಗೆ ತಕ್ಕ ಸಲಹೆಯನ್ನು ನಿಮ್ಮ ವೈದ್ಯರಿಂದಲೇ ಪಡೆಯಿರಿ. ಈ ಬರಹ ಓದಿ ಯಾವ ಮಾತ್ರೆಯನ್ನೂ ಶುರು ಮಾಡುವುದು, ನಿಲ್ಲಿಸುವುದು ಬೇಡ._

ಮನೆಯಲ್ಲಿ ಹೃದ್ರೋಗಿಗಳಿರುವ ಕನ್ನಡ ಬಂಧುಗಳಿಗೆ ಇದನ್ನು ತಲುಪಿಸಿ. ಕಳಿಸುವುದಾದರೆ ಪೂರ್ತಿ ಕಳಿಸಿ, ಅರ್ಧ ಕತ್ತರಿಸಿ ಬೇಡ. ಸೊಪ್ಪು ಬಿಟ್ಟ ಮೇಷ್ಟ್ರು ಓದಿದ್ದೂ ಅಂಥದ್ದೇ ಒಂದು ಅರ್ಧ ಸಂದೇಶ.

ಎಲ್ಲರಿಗೂ ಆರೋಗ್ಯ ಇರಲಿ.